ಗಾಳಿಯಾಡುವ ಜೇನು ಸೂಟು: ಹೊರದೇಶದಿಂದ ತರಿಸುವ ಮುನ್ನ

ಗಾಳಿಯಾಡುವ ಜೇನು ಸೂಟು ಎಂದರೆ ಮೂರು ಪದರದ ಬಲೆಬಟ್ಟೆಯಲ್ಲಿ ಹೊಲಿದ, ತಲೆಯಿಂದ ಕಣಕಾಲಿನವರೆಗೆ ಮೈ ಮುಚ್ಚುವ ಉಡುಪು. ಹೊರಗೊಂದು ತೆಳುವಾದ ಬಲೆ, ಒಳಗೊಂದು ತೆಳುವಾದ ಬಲೆ, ನಡುವೆ ದಪ್ಪ ಎಳೆಗಳ, ದೊಡ್ಡ ಕಣ್ಣುಗಳ ಇನ್ನೊಂದು ಬಲೆ. ನಡುವಿನ ಈ ಪದರ ತಾನಾಗಿ ಕೊಂಡಿಯನ್ನು ತಡೆಯುವುದಿಲ್ಲ. ಹೊರಗಿನ ಬಟ್ಟೆಯನ್ನು ಮೈಯಿಂದ ದೂರ ಹಿಡಿದಿಡುವುದಷ್ಟೇ ಅದರ ಕೆಲಸ. ಜೇನುಹುಳು ಹೊರಬಟ್ಟೆಯ ಮೇಲೆ ಕೂತು ಕೊಂಡಿ ಇಳಿಸಿದರೂ ಅದರ ತುದಿ ಚರ್ಮ ಮುಟ್ಟದೆ ನಡುವಿನ ಗಾಳಿಯಲ್ಲೇ ನಿಲ್ಲುತ್ತದೆ.

ಪೆಟ್ಟಿಗೆಯಲ್ಲಿ ಸಾಕುವ ಜೇನಿನ ಕೊಂಡಿ ಹೆಚ್ಚೂಕಡಿಮೆ ಎರಡು ಮಿಲಿಮೀಟರ್ ಉದ್ದ. ಹೆಜ್ಜೇನಿನದು ಅದಕ್ಕಿಂತ ಉದ್ದ. ಒಳ್ಳೆಯ ಸೂಟಿನ ಮೂರೂ ಪದರ ಸೇರಿ ಐದಾರು ಮಿಲಿಮೀಟರ್ ದಪ್ಪವಿರುತ್ತದೆ. ಬಟ್ಟೆ ಎಷ್ಟು ಗಟ್ಟಿ ಎಂಬುದಕ್ಕಿಂತ ಹೊರಪದರಕ್ಕೂ ಚರ್ಮಕ್ಕೂ ನಡುವೆ ಎಷ್ಟು ಅಂತರ ಉಳಿಯುತ್ತದೆ ಎಂಬುದೇ ಇಲ್ಲಿ ಮುಖ್ಯ. ದಪ್ಪ ಹತ್ತಿಬಟ್ಟೆಯ ಹಳೆಯ ಮಾದರಿಯ ಸೂಟು ಒಣಗಿರುವವರೆಗೆ ಚೆನ್ನಾಗಿಯೇ ಕಾಯುತ್ತದೆ. ಬೆವರಿಗೆ ನೆನೆದು ಬೆನ್ನಿಗೆ, ಭುಜಕ್ಕೆ ಅಂಟಿಕೊಂಡಾಗ ಮಾತ್ರ ಅದರ ಮೂಲಕ ಕೊಂಡಿ ಸಲೀಸಾಗಿ ಇಳಿಯುತ್ತದೆ.

ಗಾಳಿಯಾಡುವಿಕೆಯ ಲಾಭವೂ ಬೆವರಿಗೇ ಸಂಬಂಧಪಟ್ಟದ್ದು. ಒಂದು ಗ್ರಾಂ ಬೆವರು ಆವಿಯಾಗುವಾಗ ಮೈಯಿಂದ ಸುಮಾರು 580 ಕ್ಯಾಲೊರಿ ಶಾಖವನ್ನು ಹೀರಿಕೊಳ್ಳುತ್ತದೆ. ಹತ್ತಿಯ ಸೂಟಿನೊಳಗೆ ಆವಿ ಹೊರಹೋಗಲು ದಾರಿಯಿಲ್ಲದೆ ಬೆವರು ಹರಿದು ಬೀಳುತ್ತದೆ, ಮೈ ತಣಿಯುವುದಿಲ್ಲ. ಬಲೆಬಟ್ಟೆಯಲ್ಲಿ ಗಾಳಿ ಒಂದು ಕಡೆ ನುಗ್ಗಿ ಇನ್ನೊಂದು ಕಡೆ ಹೊರಡುವುದರಿಂದ ಬೆವರು ಮೈಮೇಲೆಯೇ ಆರುತ್ತದೆ. ಒಣಹವೆ ಇದ್ದು ಗಾಳಿ ಬೀಸುತ್ತಿದ್ದರೆ ಈ ಸೂಟಿನ ಗುಣ ಪೂರ್ತಿಯಾಗಿ ತಿಳಿಯುತ್ತದೆ. ಕರಾವಳಿಯ ತೇವದ ಸೆಕೆಯಲ್ಲಿ, ಅಥವಾ ಎಲೆಯೂ ಅಲುಗಾಡದ ಅಡಿಕೆ ತೋಟದ ನಡುವೆ ಅದೇ ಸೂಟು ಅಷ್ಟೇನೂ ತಂಪೆನಿಸುವುದಿಲ್ಲ.

ದಾವಣಗೆರೆ, ಹರಿಹರದ ಸೀಮೆಗೆ ಇಂಥ ಉಡುಪು ಒಗ್ಗುವುದು ಒಣಹವೆಯ ಕಾರಣಕ್ಕೆ. ಭದ್ರಾ ನಾಲೆಯ ನೀರುಂಡ ಭತ್ತದ ಗದ್ದೆ, ಅಡಿಕೆ ಮತ್ತು ತೆಂಗಿನ ತೋಟ ಒಂದು ಕಡೆ. ಮೆಕ್ಕೆಜೋಳ, ಸೂರ್ಯಕಾಂತಿ ಬೆಳೆಯುವ ಮಳೆಯಾಶ್ರಿತ ಹೊಲ ಇನ್ನೊಂದು ಕಡೆ. ಜಗಳೂರಿನ ದಿಕ್ಕಿಗೆ ಹೋದಂತೆ ಜಾಲಿ, ಹುಣಸೆ, ಬೇವು. ಹೊಂಗೆ ಮತ್ತು ಬೇವು ಹೂಬಿಡುವುದು ಮಾರ್ಚ್, ಏಪ್ರಿಲ್ ಸುಮಾರಿಗೆ. ಜೇನು ಕುಟುಂಬಗಳು ಬೆಳೆಯುವ, ತುಪ್ಪ ಕೂಡುವ, ಪೆಟ್ಟಿಗೆಯನ್ನು ಮತ್ತೆ ಮತ್ತೆ ತೆರೆದು ನೋಡಬೇಕಾದ ಕಾಲವೂ ಅದೇ. ಆ ತಿಂಗಳುಗಳಲ್ಲಿ ಬಯಲುಸೀಮೆಯ ಮಧ್ಯಾಹ್ನದ ಬಿಸಿಲು 37, 38 ಡಿಗ್ರಿ ಮುಟ್ಟುವುದು ಸಾಮಾನ್ಯ. ದಪ್ಪ ಹತ್ತಿಯ ಸೂಟು ತೊಟ್ಟು ಇಪ್ಪತ್ತು ಪೆಟ್ಟಿಗೆ ನೋಡುವಷ್ಟರಲ್ಲಿ ಆಳು ಸೊರಗಿಹೋಗುತ್ತಾನೆ. ದಣಿದವನು ಆತುರಪಡುತ್ತಾನೆ, ಆತುರದಲ್ಲಿ ಎರಿ ಜಾರುತ್ತದೆ, ಹುಳು ಕೆರಳುತ್ತವೆ.

ಹಾಗೆಂದು ಎಲ್ಲ ಸಾಕಣೆಗಾರರಿಗೂ ಪೂರ್ತಿ ಸೂಟು ಬೇಕೆಂದಿಲ್ಲ. ಯಾವ ಜೇನು ಸಾಕಿದ್ದಾರೆ ಎಂಬುದರ ಮೇಲೆ ಅಗತ್ಯ ನಿಲ್ಲುತ್ತದೆ. ಮುಜಂಟಿಗೆ ಕೊಂಡಿಯೇ ಇಲ್ಲ. ಮುಖಕ್ಕೊಂದು ಪರದೆ ಇದ್ದರೆ ಸಾಕು. ನಾಡಿನ ತುಡುವೆ ಜೇನು ಸೌಮ್ಯ. ಪಳಗಿದವರು ಮುಖಪರದೆಯೊಂದನ್ನೇ ತೊಟ್ಟು, ಬರಿಗೈಯಲ್ಲಿ ಚೌಕಟ್ಟು ಎತ್ತುತ್ತಾರೆ. ಕಲಿಯುವವರಿಗೆ ಸೊಂಟದವರೆಗಿನ ಜಾಕೆಟ್ ಧಾರಾಳವಾಯಿತು. ಕರ್ನಾಟಕದ ತುಡುವೆ ಕುಟುಂಬಗಳು 1991–92ರ ಹೊತ್ತಿಗೆ ಥಾಯ್ ಸ್ಯಾಕ್‌ಬ್ರೂಡ್ ರೋಗಕ್ಕೆ ತುತ್ತಾಗಿ ನೆಲಕಚ್ಚಿದ ಮೇಲೆ ಮೆಲ್ಲಿಫೆರಾ ಜೇನು ಇಲ್ಲಿಯೂ ಹರಡಿತು. 1962ರಲ್ಲಿ ಕಾಂಗ್ರಾ ಕಣಿವೆಯ ನಗ್ರೋಟಾದಲ್ಲಿ ಭಾರತಕ್ಕೆ ಒಗ್ಗಿಸಿದ ತಳಿ ಅದು. ಅದರ ಕುಟುಂಬ ದೊಡ್ಡದು, ಹುಳುಗಳ ಸಂಖ್ಯೆ ಹೆಚ್ಚು. ಸೂರ್ಯಕಾಂತಿ ಹೊಲಗಳಿಗೆ ಪೆಟ್ಟಿಗೆ ಸಾಗಿಸುತ್ತಾ ಒಂದೇ ದಿನ ಹತ್ತಾರು ಕುಟುಂಬ ನೋಡುವವರಿಗೆ ಪೂರ್ತಿ ಸೂಟು ಉಪಯೋಗಕ್ಕೆ ಬರುತ್ತದೆ.

ಹೆಜ್ಜೇನಿನ ಮಾತೇ ಬೇರೆ. ನೀರಿನ ಟ್ಯಾಂಕಿನ ಅಡಿ, ಎತ್ತರದ ಕಟ್ಟಡದ ಸಜ್ಜೆ, ಆಲದ ಕೊಂಬೆಗಳಲ್ಲಿ ಬಯಲಿಗೇ ಒಂದೇ ಎರಿ ಕಟ್ಟುವ ಈ ಜೇನು ಗುಂಪಾಗಿ ಎರಗುತ್ತದೆ, ಓಡಿದವರನ್ನು ಬಹುದೂರ ಅಟ್ಟಿಸಿಕೊಂಡು ಹೋಗುತ್ತದೆ. ಪೆಟ್ಟಿಗೆ ಜೇನಿಗೆಂದು ಮಾಡಿದ ಸೂಟು ತೊಟ್ಟ ಮಾತ್ರಕ್ಕೆ ಹೆಜ್ಜೇನು ಬಿಡಿಸಲು ಯಾರೂ ಹೊರಡಬಾರದು. ಅದು ಪಳಗಿದವರ ಕೆಲಸ.

ಸೂಟು ಕೊಳ್ಳುವಾಗ ಮೊದಲು ನೋಡಬೇಕಾದದ್ದು ಮುಖಪರದೆ. ಇದರಲ್ಲಿ ಎರಡು ಮುಖ್ಯ ಬಗೆ. ಒಂದು, ಅಗಲ ಅಂಚಿನ ಟೋಪಿಯಿಂದ ಸುತ್ತಲೂ ಇಳಿಬಿದ್ದ ದುಂಡು ಪರದೆ. ಇನ್ನೊಂದು, ಒಳಗೆ ಬಾಗಿದ ಕಡ್ಡಿಗಳ ಬಲದಿಂದ ನಿಂತು, ಹಿಂದಕ್ಕೆ ಮಡಚಿ ಬೆನ್ನ ಮೇಲೆ ಇಳಿಬಿಡಬಹುದಾದ ಕುಲಾವಿ. ದುಂಡು ಪರದೆ ಎಲ್ಲ ಕಡೆಯೂ ಮುಖದಿಂದ ದೂರ ನಿಲ್ಲುತ್ತದೆ, ನೆರಳನ್ನೂ ಕೊಡುತ್ತದೆ. ಕುಲಾವಿ ಹಗುರ, ನೀರು ಕುಡಿಯಲು ಸರಿಸುವುದೂ ಸುಲಭ. ಆದರೆ ಬಗ್ಗಿದಾಗ ಅದು ಮೂಗಿಗೆ, ಗಲ್ಲಕ್ಕೆ ಇಲ್ಲವೇ ನೆತ್ತಿಗೆ ತಗುಲುವುದುಂಟು. ತಗುಲಿದ ಜಾಗದಲ್ಲಿ ಜೇನು ಕಚ್ಚುತ್ತದೆ. ಒಳಗೊಂದು ಟೋಪಿ ಹಾಕಿಕೊಂಡರೆ ಈ ತೊಂದರೆ ಕಡಿಮೆ. ಪರದೆಯ ಕಣ್ಣು ಮೂರು ಮಿಲಿಮೀಟರಿಗಿಂತ ಕಿರಿದಾಗಿರಬೇಕು. ತುಡುವೆ ಮೆಲ್ಲಿಫೆರಾಕ್ಕಿಂತ ಚಿಕ್ಕ ಹುಳುವಾದ್ದರಿಂದ ಹೊರದೇಶದಲ್ಲಿ ಮೆಲ್ಲಿಫೆರಾವನ್ನೇ ಮನಸ್ಸಿನಲ್ಲಿಟ್ಟು ಮಾಡಿದ ಪರದೆಯಲ್ಲಿ ಈ ಅಳತೆಯನ್ನು ಕೇಳಿ ತಿಳಿಯುವುದು ಒಳ್ಳೆಯದು. ಸೂಟು ಬಿಳಿ ಅಥವಾ ತಿಳಿಬಣ್ಣದ್ದಾದರೂ ಕಣ್ಣೆದುರಿನ ಬಲೆ ಕಪ್ಪಾಗಿರಬೇಕು. ಬಿಳಿಯ ಬಲೆ ಬಿಸಿಲಿಗೆ ಹೊಳೆದು ಮೊಟ್ಟೆ, ಮರಿ ಕಾಣದಂತೆ ಮಾಡುತ್ತದೆ.

ಎರಡನೆಯದು ಜಿಪ್. ಜೇನು ಒಳನುಗ್ಗುವುದು ಬಹುಮಟ್ಟಿಗೆ ಬಟ್ಟೆಯ ಮೂಲಕವಲ್ಲ, ಸಂದುಗಳ ಮೂಲಕ. ಎದೆಯ ಜಿಪ್ಪೂ ಕೊರಳ ಸುತ್ತಿನ ಜಿಪ್ಪೂ ಕೂಡುವ ಕಡೆ ಚಿಕ್ಕ ಕಿಂಡಿ ಉಳಿಯುತ್ತದೆ. ಅದರ ಮೇಲೆ ವೆಲ್ಕ್ರೊ ಪಟ್ಟಿ ಅಗಲವಾಗಿ ಮುಚ್ಚಬೇಕು. ಮುಂಗೈ, ಕಣಕಾಲುಗಳಲ್ಲಿ ಎಲಾಸ್ಟಿಕ್ ಬಿಗಿಯಾಗಿರಬೇಕು. ತೋಳು ಮೇಲೆ ಸರಿಯದಂತೆ ಹೆಬ್ಬೆರಳಿಗೆ ಸಿಕ್ಕಿಸುವ ಪಟ್ಟಿ, ಕಾಲಿನ ಅಡಿಗೆ ಹಾಯುವ ಪಟ್ಟಿ ಇದ್ದರೆ ಇನ್ನೂ ಮೇಲು. ಕೈಗವಸು ಆಡಿನ ಚರ್ಮದ್ದಾದರೆ ಮೆದು. ಚೌಕಟ್ಟಿನ ಹಿಡಿತ ಬೆರಳಿಗೆ ತಿಳಿಯುತ್ತದೆ. ದಪ್ಪ ಚರ್ಮದ ಗವಸು ಹೆಚ್ಚು ಕಾಯುತ್ತದೆ, ಆದರೆ ಹುಳುಗಳನ್ನು ಜಜ್ಜುವುದೂ ಹೆಚ್ಚು. ಒಂದು ಹುಳು ಜಜ್ಜಿದರೆ ಹೊರಬೀಳುವ ವಾಸನೆ ಉಳಿದವನ್ನು ಕೆರಳಿಸುತ್ತದೆ.

ಮೂರನೆಯದು, ಮೂರು ಪದರ ಎಂಬ ಮಾತಿನ ನಿಜ. ಎದೆ, ಬೆನ್ನುಗಳಲ್ಲಿ ಮಾತ್ರ ಮೂರು ಪದರ ಕೊಟ್ಟು ತೋಳು, ತೊಡೆಗಳಲ್ಲಿ ಒಂದೇ ಪದರದ ಬಟ್ಟೆ ಹೊಲಿದ ಸೂಟುಗಳೂ ಮಾರುಕಟ್ಟೆಯಲ್ಲಿವೆ. ಕೆಲವದರಲ್ಲಿ ನಡುವಿನ ಪದರ ಬಲೆಯಲ್ಲ, ತೂತು ಕೊರೆದ ಫೋಮ್ ಹಾಳೆ. ಅದು ನೀರು ಹೀರಿ ಭಾರವಾಗುತ್ತದೆ, ಒಣಗಲು ಹೊತ್ತು ಹಿಡಿಯುತ್ತದೆ, ಒಂದೆರಡು ವರ್ಷಕ್ಕೆ ಪುಡಿಯಾಗಿ ಉದುರಲೂ ಬಹುದು. ಯಾವ ಭಾಗದಲ್ಲಿ ಎಷ್ಟು ಪದರ, ಒಟ್ಟು ದಪ್ಪವೆಷ್ಟು, ನಡುವಿನ ಪದರ ಯಾವುದರದ್ದು ಎಂದು ಮಾರುವವರನ್ನು ಬರಹದಲ್ಲಿ ಕೇಳಿ ಉತ್ತರ ಪಡೆಯುವುದು ಕ್ಷೇಮ.

ಈ ಸೂಟಿಗೆ ಅದರದೇ ಮಿತಿಗಳಿವೆ. ಮಂಡಿಯೂರಿದಾಗ ಮೊಣಕಾಲಿನಲ್ಲಿ, ಪೆಟ್ಟಿಗೆ ಅಪ್ಪಿ ಎತ್ತಿದಾಗ ತೋಳಿನಲ್ಲಿ ಪದರಗಳು ಅಮುಕಿ ಅಂತರ ಇಲ್ಲದಾಗುತ್ತದೆ. ಮೊಣಕಾಲಿಗೆ ಹೆಚ್ಚುವರಿ ತೇಪೆ ಇರಬೇಕೆನ್ನುವುದು ಅದಕ್ಕೇ. ಬಲೆಬಟ್ಟೆ ಪಾಲಿಯೆಸ್ಟರ್ ಜಾತಿಯದು. ಹೊಗೆತಿದಿಯಿಂದ ಕಿಡಿ ಹಾರಿದರೆ ಹತ್ತಿಯಂತೆ ಕಪ್ಪಾಗಿ ನಿಲ್ಲದೆ ಕರಗಿ ತೂತಾಗುತ್ತದೆ. ಕರಗಿದ ಎಳೆ ಚರ್ಮಕ್ಕೆ ಅಂಟಿ ಸುಡುವ ಅಪಾಯವೂ ಇದೆ. ಜಾಲಿಮುಳ್ಳಿನ ಬೇಲಿ ದಾಟುವಾಗ ಹೊರಬಲೆ ಸಿಕ್ಕಿ ಹರಿಯುತ್ತದೆ. ಬಯಲುಸೀಮೆಯಲ್ಲಿ ಸೂಟು ಹಾಳಾಗುವುದಕ್ಕೆ ಜೇನಿಗಿಂತ ಜಾಲಿಯೇ ಹೆಚ್ಚು ಕಾರಣವಾದೀತು.

ಹೊರದೇಶದ ಅಂಗಡಿಗಳತ್ತ ಕಣ್ಣು ಹೋಗುವುದು ಅಲ್ಲಿನ ಆಯ್ಕೆಯ ವೈವಿಧ್ಯಕ್ಕೆ. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಜೇನು ಸಲಕರಣೆಗೆಂದೇ ಅಂಗಡಿಗಳಿವೆ. ಹೆಂಗಸರಿಗೆ, ಮಕ್ಕಳಿಗೆ, ಎತ್ತರದವರಿಗೆ ಬೇರೆ ಬೇರೆ ಅಳತೆ ದೊರೆಯುತ್ತದೆ; ಪರದೆ ಹರಿದರೆ ಪರದೆ ಒಂದನ್ನೇ ಮಾರುತ್ತಾರೆ. ಆದರೆ ಅಂಗಡಿ ಇರುವ ದೇಶವೂ ಸೂಟು ಹೊಲಿದ ದೇಶವೂ ಒಂದೇ ಆಗಿರಬೇಕಿಲ್ಲ. ಆ ಅಂಗಡಿಗಳಲ್ಲಿ ಮಾರಾಟವಾಗುವ ಗಾಳಿಯಾಡುವ ಸೂಟುಗಳಲ್ಲಿ ಹಲವು ಪಾಕಿಸ್ತಾನದ ಸಿಯಾಲ್‌ಕೋಟ್‌ನಲ್ಲಿ, ಇನ್ನು ಕೆಲವು ಚೀನಾದಲ್ಲಿ ತಯಾರಾದವು. ಕೈಗವಸು, ಕ್ರೀಡಾ ಉಡುಪುಗಳಿಗೆ ಹೆಸರಾದ ಸಿಯಾಲ್‌ಕೋಟ್‌ಗೆ ಈ ಕೆಲಸ ಸಹಜವಾಗಿಯೇ ಒದಗಿತು.

ಭಾರತದ ಗ್ರಾಹಕರ ಮಟ್ಟಿಗೆ ಈ ವಿವರ ಬಹಳ ಮುಖ್ಯ. 2019ರ ಫೆಬ್ರುವರಿಯಲ್ಲಿ ಪುಲ್ವಾಮಾ ದಾಳಿಯ ಬೆನ್ನಿಗೆ ಪಾಕಿಸ್ತಾನದ ಸರಕುಗಳ ಮೇಲೆ ಭಾರತ ಶೇಕಡಾ 200ರ ಸುಂಕ ಹಾಕಿತು. 2025ರ ಮೇ 2ರಂದು, ಪಹಲ್ಗಾಮ್ ದಾಳಿಯ ನಂತರ, ಅಲ್ಲಿ ತಯಾರಾದ ಅಥವಾ ಅಲ್ಲಿಂದ ಹೊರಟ ಯಾವುದೇ ಸರಕಿನ ಆಮದನ್ನು ಪೂರ್ತಿಯಾಗಿ ನಿಷೇಧಿಸಿತು. ನೇರವಾಗಿ ಬಂದರೂ, ಮೂರನೆಯ ದೇಶದ ಮೂಲಕ ಬಂದರೂ ನಿಷೇಧ ಒಂದೇ. ಲಂಡನ್ನಿನ ಅಂಗಡಿಗೆ ಹಣ ಕಟ್ಟಿದ್ದರೂ ಸೂಟಿನ ಕೊರಳಪಟ್ಟಿಯಲ್ಲಿ ಸಿಯಾಲ್‌ಕೋಟ್‌ನ ಗುರುತಿದ್ದರೆ ಸುಂಕದ ಕಟ್ಟೆಯಲ್ಲಿ ಅದು ಜಪ್ತಿಯಾಗಬಹುದು. ಆದ್ದರಿಂದ ಹಣ ಕಟ್ಟುವ ಮುನ್ನವೇ ತಯಾರಾದ ದೇಶ ಯಾವುದೆಂದು ಕೇಳಿ, ಉತ್ತರವನ್ನು ಉಳಿಸಿಕೊಳ್ಳಬೇಕು. ಚೀನಾದ ಸರಕಿಗೆ ಇಂಥ ಸಾರಾಸಗಟು ನಿಷೇಧವಿಲ್ಲ. ಆದರೆ ಅಗ್ಗದ ಸಲಕರಣೆಗಳಿಗೆ ಹೆಸರಾಗಿದ್ದ ಅಲಿಎಕ್ಸ್‌ಪ್ರೆಸ್ ಆ್ಯಪನ್ನು ಭಾರತ ಸರ್ಕಾರ 2020ರ ನವೆಂಬರಿನಲ್ಲೇ ತಡೆಹಿಡಿದಿದೆ.

ಮುಂದಿನ ವಿಚಾರ ಬೆಲೆ. ಮೊಬೈಲಿನ ಪರದೆಯ ಮೇಲೆ ಕಾಣುವುದು ಸೂಟಿನ ಬೆಲೆ ಮಾತ್ರ. ಮನೆ ಬಾಗಿಲಿಗೆ ಬರುವಷ್ಟರಲ್ಲಿ ಅದಕ್ಕೆ ನಾಲ್ಕು ಬಗೆಯ ಖರ್ಚು ಕೂಡುತ್ತದೆ. ಮೊದಲನೆಯದು ಸಾಗಣೆ. ಇಂಥ ಸೂಟಿನ ತೂಕ ಒಂದೂವರೆಯಿಂದ ಎರಡು ಕಿಲೊ. ಆದರೆ ಕೊರಿಯರ್ ಕಂಪನಿಗಳು ತೂಕದ ಜೊತೆಗೆ ಗಾತ್ರವನ್ನೂ ಲೆಕ್ಕ ಹಾಕುತ್ತವೆ. ಪೊಟ್ಟಣದ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುವುದು ರೂಢಿ. 40, 35, 20 ಸೆಂಟಿಮೀಟರಿನ ಪೊಟ್ಟಣ ಈ ಲೆಕ್ಕದಲ್ಲಿ 5.6 ಕಿಲೊ ಆಗುತ್ತದೆ. ಉಬ್ಬಿಕೊಳ್ಳುವ ಬಲೆಬಟ್ಟೆಗೆ ಈ ಲೆಕ್ಕ ದುಬಾರಿ. ಗಟ್ಟಿಯಾಗಿ ಸುತ್ತಿ ಚಿಕ್ಕ ಪೊಟ್ಟಣ ಮಾಡಿ ಕಳಿಸುವಂತೆ ಕೇಳಿಕೊಂಡರೆ ಉಳಿತಾಯವಾದೀತು.

ಎರಡನೆಯದು ಸುಂಕ. ಕೊಂಡ ಸರಕಿಗೆ ಇಷ್ಟು ರೂಪಾಯಿಯವರೆಗೆ ಸುಂಕವಿಲ್ಲ ಎಂಬ ರಿಯಾಯಿತಿ ಭಾರತದಲ್ಲಿ ಇಲ್ಲ. ಸುಂಕ ಬೀಳುವುದು ಸೂಟಿನ ಬೆಲೆಯ ಮೇಲಷ್ಟೇ ಅಲ್ಲ; ಸಾಗಣೆ ಮತ್ತು ವಿಮೆಯ ವೆಚ್ಚ ಸೇರಿದ ಮೊತ್ತದ ಮೇಲೆ. ಅದರ ಮೇಲೆ ಮೂಲ ಸೀಮಾಸುಂಕ, ಆ ಸುಂಕದ ಮೇಲೆ ಸಾಮಾನ್ಯವಾಗಿ ಶೇಕಡಾ 10ರ ಸಮಾಜ ಕಲ್ಯಾಣ ಅಧಿಭಾರ, ಎಲ್ಲ ಕೂಡಿದ ಮೊತ್ತದ ಮೇಲೆ ಐಜಿಎಸ್‌ಟಿ. ದರಗಳು ಬಜೆಟ್ಟಿನಿಂದ ಬಜೆಟ್ಟಿಗೆ, ಸರಕಿನ ವರ್ಗದಿಂದ ವರ್ಗಕ್ಕೆ ಬದಲಾಗುತ್ತವೆ. ಲೆಕ್ಕದ ಕ್ರಮ ಮಾತ್ರ ಇದೇ. ತಿಳಿಯಲೆಂದು ಒಂದು ಉದಾಹರಣೆ: ಸೂಟು 11,000 ರೂಪಾಯಿ, ಸಾಗಣೆ ಮತ್ತು ವಿಮೆ 4,000, ಒಟ್ಟು 15,000. ಮೂಲಸುಂಕ ಶೇಕಡಾ 20 ಎಂದು ಇಟ್ಟುಕೊಂಡರೆ 3,000. ಅಧಿಭಾರ 300. ಈಗ ಮೊತ್ತ 18,300. ಅದರ ಮೇಲೆ ಐಜಿಎಸ್‌ಟಿ ಶೇಕಡಾ 18 ಎಂದು ಹಿಡಿದರೆ 3,294. ಕೊನೆಗೆ ನಿಲ್ಲುವ ಮೊತ್ತ 21,594. ಹನ್ನೊಂದು ಸಾವಿರದ ಸೂಟಿಗೆ ಹತ್ತಿರ ಹತ್ತಿರ ಎರಡರಷ್ಟು ತೆತ್ತಂತಾಯಿತು.

ಮೂರನೆಯದು ಬ್ಯಾಂಕಿನದು. ವಿದೇಶಿ ಹಣದ ವ್ಯವಹಾರಕ್ಕೆ ಹೆಚ್ಚಿನ ಕಾರ್ಡುಗಳ ಮೇಲೆ ಶೇಕಡಾ ಎರಡರಿಂದ ಮೂರೂವರೆಯಷ್ಟು ಶುಲ್ಕ, ಅದರ ಮೇಲೆ ತೆರಿಗೆ ಇರುತ್ತದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ 2020ರ ಅಕ್ಟೋಬರ್ 1ರಿಂದ ಹೊಸ ಕಾರ್ಡುಗಳು ಮೊದಲಿಗೆ ದೇಶದೊಳಗಿನ ಬಳಕೆಗೆ ಮಾತ್ರ ತೆರೆದಿರುತ್ತವೆ. ಹೊರದೇಶದ ಪಾವತಿಯನ್ನು ಖಾತೆದಾರರೇ ಬ್ಯಾಂಕಿನ ಆ್ಯಪ್‌ನಲ್ಲಿ ತೆರೆದುಕೊಂಡು, ಮಿತಿ ಹಾಕಿಕೊಂಡು, ಕೆಲಸ ಮುಗಿದ ಮೇಲೆ ಮುಚ್ಚುವುದು ಜಾಣತನ. ನಾಲ್ಕನೆಯದು ಕೊರಿಯರ್‌ನವರ ಸೇವಾಶುಲ್ಕ. ಗ್ರಾಹಕರ ಪರವಾಗಿ ಸುಂಕ ಕಟ್ಟಿ ಸರಕು ಬಿಡಿಸಿದ್ದಕ್ಕೆ ಅವರು ಅದನ್ನು ಪ್ರತ್ಯೇಕವಾಗಿ ವಸೂಲು ಮಾಡುತ್ತಾರೆ.

ಸುಂಕ ತಪ್ಪಿಸಲು ಪೊಟ್ಟಣದ ಮೇಲೆ ಉಡುಗೊರೆ ಎಂದು ಬರೆಸುವ ಅಭ್ಯಾಸ ಹಿಂದೆ ಇತ್ತು. 2019ರ ಡಿಸೆಂಬರಿನಲ್ಲಿ ಆ ದಾರಿ ಮುಚ್ಚಿತು. ಜೀವರಕ್ಷಕ ಔಷಧ ಮತ್ತು ರಾಖಿಗಳ ಹೊರತು ಬೇರೆ ಯಾವ ಸರಕನ್ನೂ ಉಡುಗೊರೆಯ ರಿಯಾಯಿತಿಯಲ್ಲಿ ಅಂಚೆ ಅಥವಾ ಕೊರಿಯರ್ ಮೂಲಕ ತರಿಸುವಂತಿಲ್ಲ. ಪೂರ್ತಿ ಸುಂಕ ಕಟ್ಟಿದರೆ ಮಾತ್ರ ಉಡುಗೊರೆಗೂ ಅವಕಾಶ. ಬೆಲೆಯನ್ನು ಕಡಿಮೆ ತೋರಿಸುವುದೂ ಅಪರಾಧವೇ. ಸುಂಕ ಇಲಾಖೆ ಸರಕಿನ ನಿಜಬೆಲೆಯನ್ನು ತಾನೇ ನಿರ್ಧರಿಸಬಹುದು, ದಂಡವನ್ನೂ ಹಾಕಬಹುದು.

ಪೊಟ್ಟಣ ಬರುವ ದಾರಿ ಎರಡು. ಅಂಚೆಯಲ್ಲಿ ಬಂದದ್ದು ಬೆಂಗಳೂರು, ಮುಂಬೈ, ಚೆನ್ನೈ, ದೆಹಲಿಯಂಥ ಊರುಗಳ ವಿದೇಶಿ ಅಂಚೆ ಕಚೇರಿಯಲ್ಲಿ ಸುಂಕದ ತಪಾಸಣೆ ಮುಗಿಸಿಕೊಂಡು ದಾವಣಗೆರೆಗೋ ಹರಿಹರಕ್ಕೋ ಸಾಗುತ್ತದೆ. ಸುಂಕವನ್ನು ಪೊಟ್ಟಣ ಒಪ್ಪಿಸುವಾಗ ಅಂಚೆಯವರಿಗೆ ಕೊಟ್ಟರಾಯಿತು. ಇದು ಅಗ್ಗ, ಆದರೆ ನಿಧಾನ. ಕೊರಿಯರ್‌ನಲ್ಲಿ ಬಂದದ್ದು ವಿಮಾನ ನಿಲ್ದಾಣದಲ್ಲೇ ಬಿಡುಗಡೆಯಾಗುತ್ತದೆ. ಅದಕ್ಕೆ ಗ್ರಾಹಕರು ಆಧಾರ್, ಪ್ಯಾನ್ ಅಥವಾ ಪಾಸ್‌ಪೋರ್ಟಿನಂಥ ಗುರುತಿನ ದಾಖಲೆ ಕೊಡಬೇಕು. ಆದೇಶದಲ್ಲಿನ ಹೆಸರೂ ದಾಖಲೆಯಲ್ಲಿನ ಹೆಸರೂ ಅಕ್ಷರ ಬಿಡದೆ ಹೊಂದಬೇಕು. ದಾವಣಗೆರೆಯನ್ನು ಇಂಗ್ಲಿಷಿನಲ್ಲಿ ಎರಡು ಬಗೆಯಾಗಿ ಬರೆಯುವ ರೂಢಿ ಇರುವುದರಿಂದ ದಾಖಲೆಯಲ್ಲಿ ಇರುವಂತೆಯೇ ಬರೆಯುವುದು ಲೇಸು. ದಾವಣಗೆರೆ ನಗರದ ಪಿನ್‌ಕೋಡುಗಳು 577001ರಿಂದ ಮೊದಲಾಗುತ್ತವೆ, ಹರಿಹರದ್ದು 577601. ತೋಟದ ಮನೆಗಿಂತ ಪೇಟೆಯಲ್ಲಿರುವ ನೆಂಟರ ಅಥವಾ ಅಂಗಡಿಯ ವಿಳಾಸ ಕೊಟ್ಟರೆ ಪೊಟ್ಟಣ ತಪ್ಪದೆ ತಲುಪುತ್ತದೆ. ಸುಂಕ ಬಾಕಿ ಇದೆ, ಈ ಲಿಂಕ್ ಒತ್ತಿ ಹಣ ಕಟ್ಟಿ ಎಂದು ಮೊಬೈಲಿಗೆ ಬರುವ ಸಂದೇಶಗಳಲ್ಲಿ ಮೋಸದವೂ ಇರುತ್ತವೆ. ಅಂಚೆ ಅಥವಾ ಕೊರಿಯರ್‌ನ ಅಧಿಕೃತ ತಾಣದಲ್ಲಿ ಪೊಟ್ಟಣದ ಸಂಖ್ಯೆ ಹಾಕಿ ನೋಡದೆ ಹಣ ಕಟ್ಟಬಾರದು.

ಅಳತೆಯ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು, ಏಕೆಂದರೆ ತಪ್ಪಿದರೆ ಬದಲಾಯಿಸುವುದು ಕಷ್ಟ. ಅಮೆರಿಕದ ಮೀಡಿಯಂ ನಮ್ಮ ಮೀಡಿಯಮ್ಮಿಗಿಂತ ದೊಡ್ಡದಿರುವುದುಂಟು. ಅಕ್ಷರದ ಗುರುತನ್ನು ನಂಬದೆ ಎದೆ, ಸೊಂಟ, ನಿತಂಬ, ಎತ್ತರ, ತೋಳು ಮತ್ತು ಕಾಲಿನ ಒಳ ಉದ್ದಗಳನ್ನು ದಿನದ ಬಟ್ಟೆ ಹಾಕಿಕೊಂಡೇ ಟೇಪಿನಿಂದ ಅಳೆದು, ಮಾರುವವರ ಪಟ್ಟಿಯೊಂದಿಗೆ ಹೋಲಿಸಬೇಕು. ಎದೆಯಳತೆಗಿಂತ ಸೂಟು ಹತ್ತು ಹದಿನೈದು ಸೆಂಟಿಮೀಟರ್ ಸಡಿಲವಾಗಿರಬೇಕು. ಕೊರಳಿನಿಂದ ತೊಡೆಸಂದಿಯವರೆಗಿನ ಉದ್ದ ಸಾಲದಿದ್ದರೆ ಬಗ್ಗಿದಾಗಲೆಲ್ಲ ಪರದೆ ಹಿಂದಕ್ಕೆ ಜಗ್ಗಿ ಮುಖಕ್ಕೆ ಅಂಟುತ್ತದೆ. ತೀರ ದೊಡ್ಡದಾದರೆ ಕಾಲಿನ ನೆರಿಗೆಗಳಲ್ಲಿ ಹುಳು ಸಿಕ್ಕಿಕೊಳ್ಳುತ್ತವೆ, ನಡೆಯುವಾಗ ಎಡವುವುದೂ ಉಂಟು.

ಸರಕು ಹಿಂದಿರುಗಿಸುವ ಷರತ್ತನ್ನು ಮೊದಲೇ ಓದಬೇಕು. ಮರುಸಾಗಣೆಯ ಖರ್ಚು ಹೆಚ್ಚಾಗಿ ಕೊಂಡವರ ತಲೆಗೇ ಬರುತ್ತದೆ. ಕಟ್ಟಿದ ಸುಂಕ ಹಿಂಪಡೆಯುವುದು ಸಾಮಾನ್ಯ ಗ್ರಾಹಕರಿಗೆ ಸುಲಭವಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಗ್ರಾಹಕರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಭಾರತದ ಗ್ರಾಹಕರಿಗೆ ಕ್ರಮಬದ್ಧವಾಗಿ ಸರಕು ಮಾರುವ ವಿದೇಶಿ ತಾಣಗಳಿಗೂ 2020ರ ಇ-ವಾಣಿಜ್ಯ ನಿಯಮಗಳು ಅನ್ವಯಿಸುತ್ತವೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಆದರೆ ಇಲ್ಲಿ ಕಚೇರಿಯೇ ಇಲ್ಲದ ಹೊರದೇಶದ ಚಿಕ್ಕ ಅಂಗಡಿಯಿಂದ ಆದೇಶದ ಮೊತ್ತ ವಸೂಲು ಮಾಡುವುದು ಬಲು ಕಷ್ಟ. ಅಂಥಲ್ಲಿ ಕಾರ್ಡಿನ ಮೂಲಕ ಹಣ ಕಟ್ಟಿದ್ದರೆ ಬ್ಯಾಂಕಿಗೆ ತಕರಾರು ಸಲ್ಲಿಸುವ ದಾರಿಯಾದರೂ ಉಳಿಯುತ್ತದೆ. ನೇರ ಬ್ಯಾಂಕ್ ವರ್ಗಾವಣೆಯಲ್ಲಿ ಆ ಅನುಕೂಲವಿಲ್ಲ.

ಇಷ್ಟು ಲೆಕ್ಕ ಮುಗಿಸಿದ ಮೇಲೆ ದೇಶದೊಳಗಿನ ದಾರಿಗಳನ್ನೂ ತೂಗಿ ನೋಡಬೇಕು. ಗಾಳಿಯಾಡುವ ಸೂಟುಗಳು ಭಾರತದಲ್ಲಿಯೂ ತಯಾರಾಗುತ್ತವೆ. ಅವಕ್ಕೆ ಸೀಮಾಸುಂಕವಿಲ್ಲ, ಬದಲಿ ಪಡೆಯುವುದೂ ಸುಲಭ. 2020–21ರಲ್ಲಿ ಆರಂಭವಾದ ರಾಷ್ಟ್ರೀಯ ಜೇನು ಸಾಕಣೆ ಮತ್ತು ಜೇನುತುಪ್ಪ ಅಭಿಯಾನಕ್ಕೆ ಕೇಂದ್ರ ಸರ್ಕಾರ 500 ಕೋಟಿ ರೂಪಾಯಿ ತೆಗೆದಿರಿಸಿತು. ತರಬೇತಿಗೂ ಸಲಕರಣೆಗೂ ಸಿಗುವ ನೆರವಿನ ವಿವರ ತಾಲ್ಲೂಕಿನ ತೋಟಗಾರಿಕೆ ಕಚೇರಿಯಲ್ಲಿ, ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ ತಿಳಿಯಬಹುದು. ತರಬೇತಿಯ ಸಮಯದಲ್ಲಿ ಬೇರೆಯವರ ಸೂಟು ತೊಟ್ಟು ನೋಡುವ ಅವಕಾಶ ಸಿಕ್ಕರೆ ತನಗೆ ಬೇಕಾದದ್ದು ಜಾಕೆಟ್ಟೋ ಪೂರ್ತಿ ಸೂಟೋ ಎಂಬುದು ಅಲ್ಲೇ ತಿಳಿಯುತ್ತದೆ.

ಸ್ಥಳೀಯವಾಗಿ ಹೊಲಿಸುವ ದಾರಿಯೂ ಇದೆ. ಹತ್ತಿ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ಊರು ದಾವಣಗೆರೆ. ಗಿರಣಿಗಳ ಕಾಲ ಹಿಂದಾದರೂ ಬಟ್ಟೆ ವ್ಯಾಪಾರ, ಹೊಲಿಗೆ ಕೆಲಸ ನಿಂತಿಲ್ಲ. ಚೀಲ, ಬೂಟು, ವಾಹನದ ಸೀಟುಗಳಿಗೆ ಬಳಸುವ ಏರ್ ಮೆಶ್ ಎಂಬ ದಪ್ಪ ಬಲೆಬಟ್ಟೆ ದೊಡ್ಡ ಪೇಟೆಗಳಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಸೀಟ್ ಕವರ್ ಹೊಲಿಯುವವರ ಗಟ್ಟಿ ಯಂತ್ರದಲ್ಲಿ ಅದನ್ನು ಹೊಲಿಯಬಹುದು. ಸಾಧಾರಣ ಏರ್ ಮೆಶ್ ಮೂರು ನಾಲ್ಕು ಮಿಲಿಮೀಟರ್ ದಪ್ಪವಷ್ಟೇ ಇರುವುದರಿಂದ ಭುಜ, ಬೆನ್ನು, ಮೊಣಕಾಲುಗಳಲ್ಲಿ ಎರಡು ಪದರ ಕೊಡಬೇಕಾಗುತ್ತದೆ. ಮುಖಪರದೆಯನ್ನೂ ಜಿಪ್ಪಿನ ಕೂಡಿಕೆಯನ್ನೂ ಅಂದಾಜಿನ ಮೇಲೆ ಹೊಲಿಸದೆ, ಸಿದ್ಧ ಪರದೆ ಕೊಂಡು ಜೋಡಿಸುವುದು ಒಳ್ಳೆಯದು. ಹೊಸ ಸೂಟಿಗಿಂತ ಹಳೆಯದರ ದುರಸ್ತಿಗೆ ಸ್ಥಳೀಯ ದರ್ಜಿ ಹೆಚ್ಚು ಒದಗುತ್ತಾನೆ.

ತರಿಸಿದ ಸೂಟು ಕೈಗೆ ಬಂದಾಗ ಪೊಟ್ಟಣ ಒಡೆಯುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡರೆ ಮುಂದೆ ತಕರಾರಿಗೆ ಆಧಾರವಾಗುತ್ತದೆ. ಕತ್ತಲೆಯ ಕೋಣೆಯಲ್ಲಿ ಕುಲಾವಿಯ ಒಳಗೆ ಟಾರ್ಚ್ ಹಾಕಿ ಹೊಲಿಗೆಗಳ ಉದ್ದಕ್ಕೂ ನೋಡಿದರೆ ಬಿಟ್ಟ ಹೊಲಿಗೆ, ಸಣ್ಣ ತೂತು ಬೆಳಕಿಗೆ ಬರುತ್ತವೆ. ತೊಟ್ಟುಕೊಂಡು ಕೈ ಎತ್ತಿ, ಬಗ್ಗಿ, ಕುಕ್ಕರಗಾಲಲ್ಲಿ ಕೂತು, ಖಾಲಿ ಪೆಟ್ಟಿಗೆ ಎತ್ತಿ ನೋಡಬೇಕು. ತೋಳು ಸರಿಯಬಾರದು, ಜಿಪ್ ಬಿಚ್ಚಿಕೊಳ್ಳಬಾರದು, ಪರದೆ ಮುಖಕ್ಕೆ ತಾಗಬಾರದು. ಬದಲಿ ಕೇಳುವ ಅವಧಿ ಮುಗಿಯುವುದರೊಳಗೆ, ಪಟ್ಟಿ ಕೀಳದೆ ಇವೆಲ್ಲವನ್ನೂ ಮುಗಿಸಬೇಕು. ಮೊದಲ ಬಳಕೆ ಸೌಮ್ಯವಾದ ಒಂದು ಕುಟುಂಬದ ಮುಂದೆ ಆಗಲಿ.

ಎಷ್ಟೇ ಒಳ್ಳೆಯ ಸೂಟು ತೊಟ್ಟರೂ ಒಮ್ಮೊಮ್ಮೆ ಜೇನು ಕಚ್ಚುತ್ತದೆ. ಕೊಂಡಿ ಚರ್ಮದಲ್ಲೇ ಉಳಿದು ಕೆಲಹೊತ್ತು ವಿಷ ಇಳಿಸುತ್ತಿರುವುದರಿಂದ ಉಗುರಿನಿಂದಾದರೂ ಕೆರೆದು ಕೂಡಲೇ ತೆಗೆಯಬೇಕು. ಕಚ್ಚಿದ ಜಾಗದಿಂದ ಬಾಳೆಹಣ್ಣಿನಂಥ ವಾಸನೆಯೊಂದು ಹೊರಡುತ್ತದೆ. ಅದು ಉಳಿದ ಹುಳುಗಳನ್ನು ಅಲ್ಲಿಗೇ ಕರೆಯುವ ಸಂಕೇತ. ಆ ಜಾಗಕ್ಕೆ ಹೊಗೆ ಹಾಯಿಸಿದರೆ ಅದು ಮರೆಯಾಗುತ್ತದೆ. ಊತ, ಉರಿ ಸಹಜ. ಉಸಿರುಕಟ್ಟುವುದು, ತುಟಿ ನಾಲಗೆ ಊದುವುದು, ಮೈಯೆಲ್ಲ ದದ್ದೇಳುವುದು, ತಲೆಸುತ್ತಿ ಬೀಳುವುದು ಅಲರ್ಜಿಯ ಲಕ್ಷಣ. ಅಂಥವರಿಗೆ ತಡಮಾಡದೆ ಅಡ್ರಿನಲಿನ್ ಚುಚ್ಚುಮದ್ದು ಬೇಕಾಗುತ್ತದೆ. 108ಕ್ಕೆ ಕರೆ ಮಾಡಿ ಹತ್ತಿರದ ಆಸ್ಪತ್ರೆಗೆ, ದಾವಣಗೆರೆಯಲ್ಲಾದರೆ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ, ಸಾಗಿಸಬೇಕು. ಒಮ್ಮೆ ಇಂಥ ಅಲರ್ಜಿ ಕಾಣಿಸಿಕೊಂಡವರು ಸೂಟನ್ನು ನಂಬಿ ಮತ್ತೆ ಪೆಟ್ಟಿಗೆ ತೆರೆಯಬಾರದು, ವೈದ್ಯರ ಸಲಹೆ ಪಡೆಯಬೇಕು.

ಹುಳುಗಳು ಬಿಟ್ಟುಹೋದ ಕೊಂಡಿ ಮತ್ತು ವಾಸನೆ ಸೂಟಿನಲ್ಲಿ ಉಳಿದರೆ ಮುಂದಿನ ಸಲ ತೊಟ್ಟಾಗಲೂ ಜೇನು ಕೆರಳುತ್ತದೆ. ಹೆಚ್ಚು ಕಚ್ಚಿಸಿಕೊಂಡ ದಿನ ಸೂಟನ್ನು ಒಗೆಯದೆ ಇಡಬಾರದು. ಕುಲಾವಿಯನ್ನು ಬಿಚ್ಚಿ ಬೇರೆಯಾಗಿ, ತಣ್ಣೀರಿನಲ್ಲಿ ಸೌಮ್ಯ ಸಾಬೂನು ಹಾಕಿ ಕೈಯಲ್ಲೇ ಒಗೆಯಬೇಕು. ಬಿಸಿನೀರು, ಬ್ಲೀಚು, ಹಿಂಡುವುದು ಬೇಡ; ನೆರಳಿನಲ್ಲಿ ಒಣಗಿಸಬೇಕು. ಮೆಲ್ಲಿಫೆರಾ ಸಾಕುವವರ ಸೂಟಿಗೆ ಮರದ ಅಂಟಿನ ಕಲೆ ಹತ್ತುತ್ತದೆ. ತುಡುವೆ ಆ ಅಂಟನ್ನು ತರುವುದಿಲ್ಲ. ಜಿಪ್ಪಿಗೆ ಆಗಾಗ ಜೇನುಮೇಣ ಉಜ್ಜಿದರೆ ಸಲೀಸಾಗಿ ಓಡುತ್ತದೆ. ಸಣ್ಣ ಹರಕಿಗೆ ಅದೇ ಬಲೆಯ ತೇಪೆಯನ್ನು ಒಳಗೂ ಹೊರಗೂ ಹೊಲಿಯಬಹುದು. ಮುಖಪರದೆ ಹರಿದರೆ ತೇಪೆ ಹಾಕದೆ ಪರದೆಯನ್ನೇ ಬದಲಾಯಿಸಬೇಕು. ನಡುವಿನ ಪದರ ಚಪ್ಪಟೆಯಾಗಿ ಬೆರಳಿಗೆ ತೆಳುವೆನಿಸತೊಡಗಿದರೆ, ಹೊರಗೆ ಒಂದು ಹರಕೂ ಇಲ್ಲದಿದ್ದರೂ, ಆ ಸೂಟಿನ ಕಾಲ ಮುಗಿಯಿತೆಂದೇ ತಿಳಿಯಬೇಕು.